ನಿರುದ್ಧದಿಂದ ಜಾಲಂಧ್ರದವರೆಗೆ: ಲ.ಸಾ.ಅ.ದ ಹಿಂದಿರುವ ಚರಿತ್ರೆ

ಲಘುತಮ ಎಂದರೆ ಅತಿ ಚಿಕ್ಕದು, ಮಹತ್ತಮ ಎಂದರೆ ಅತಿ ದೊಡ್ಡದು. ಹಾಗಿದ್ದ ಮೇಲೆ 12 ಮತ್ತು 18ರ ಲಘುತಮ ಸಾಮಾನ್ಯ ಅಪವರ್ತ್ಯ 36, ಮಹತ್ತಮ ಸಾಮಾನ್ಯ ಅಪವರ್ತನ 6 ಹೇಗಾಯಿತು? ಚಿಕ್ಕದು ಎಂಬ ಹೆಸರಿನದು ದೊಡ್ಡ ಸಂಖ್ಯೆ, ದೊಡ್ಡದು ಎಂಬ ಹೆಸರಿನದು ಚಿಕ್ಕ ಸಂಖ್ಯೆ! ಪ್ರತಿ ವರ್ಷವೂ ತರಗತಿಯಲ್ಲಿ ಒಬ್ಬರಾದರೂ ಮಕ್ಕಳು ಇದನ್ನು ಕೇಳುತ್ತಾರೆ. ಕೇಳದ ಮಕ್ಕಳು ಪರೀಕ್ಷೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯುತ್ತಾರೆ. ನಮ್ಮ ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇನ್ನೂ ಒಂದು ತೊಡಕಿದೆ. ಪಕ್ಕದ ಮನೆಯ ತೆಲುಗು ಮಾಧ್ಯಮದ ಗೆಳೆಯನ ಪುಸ್ತಕದಲ್ಲಿ ಇವೇ ಕ.ಸಾ.ಗು. ಮತ್ತು ಗ.ಸಾ.ಭಾ. ಆಗಿರುತ್ತವೆ. ಕನಿಷ್ಠ ಸಾಮಾನ್ಯ ಗುಣಿಜಂ, ಗರಿಷ್ಠ ಸಾಮಾನ್ಯ ಭಾಜಕಂ. ಹೆಸರು ಬೇರೆ, ಗೊಂದಲ ಮಾತ್ರ ಅದೇ.

ಈ ಗೊಂದಲಕ್ಕೆ ಬಾಯಿಪಾಠದಲ್ಲಿ ಉತ್ತರ ಇಲ್ಲ, ಚರಿತ್ರೆಯಲ್ಲಿ ಇದೆ. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಮ್ಮ ಕನ್ನಡ ನಾಡಿನ ಅರಮನೆಯ ನೆರಳಿನಲ್ಲೇ ನಡೆದಿದೆ. ಅದನ್ನು ಹೇಳುವುದೇ ಈ ಬರಹದ ಉದ್ದೇಶ.

ಮೊದಲು ಊರಿನ ಲೆಕ್ಕದಿಂದಲೇ ಶುರು ಮಾಡೋಣ. ನಮ್ಮ ಕೊಡಿಕೊಂಡ ಮತ್ತು ಕಲ್ಯಾಣದುರ್ಗ, ಈ ಎರಡನ್ನೂ ಒಳಗೊಂಡ ಅತಿ ಚಿಕ್ಕ ಆಡಳಿತ ಘಟಕ ಯಾವುದು? ಮಂಡಲ ಅಲ್ಲ, ಎರಡೂ ಬೇರೆ ಬೇರೆ ಮಂಡಲಗಳಲ್ಲಿವೆ. 2022ರ ಏಪ್ರಿಲ್ 3ರವರೆಗೆ ಇದಕ್ಕೆ ಉತ್ತರ ಅನಂತಪುರ ಜಿಲ್ಲೆ. ಏಪ್ರಿಲ್ 4ರಂದು ಶ್ರೀ ಸತ್ಯಸಾಯಿ ಜಿಲ್ಲೆ ಹುಟ್ಟಿತು. ಹಿಂದೂಪುರ, ಚಿಲಮತ್ತೂರು, ಕೊಡಿಕೊಂಡ ಎಲ್ಲ ಆ ಕಡೆ ಹೋದವು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಅಂದಿನಿಂದ ಎರಡನ್ನೂ ಒಳಗೊಂಡ ಅತಿ ಚಿಕ್ಕ ಘಟಕ ಆಂಧ್ರಪ್ರದೇಶ ರಾಜ್ಯ. ಇನ್ನು ಕೊಡಿಕೊಂಡ ಮತ್ತು ಹೆದ್ದಾರಿಯಲ್ಲಿ ಗಡಿ ದಾಟಿದರೆ ಸಿಗುವ ಬಾಗೇಪಲ್ಲಿ? ಅವೆರಡನ್ನೂ ಒಳಗೊಂಡದ್ದು ಭಾರತ ದೇಶವೇ! ನಡೆದು ಹೋಗುವಷ್ಟು ಹತ್ತಿರದ ನೆಂಟರು ಕಾಗದದ ಮೇಲೆ ದಿಲ್ಲಿಯವರೆಗೆ ಹೋಗಿ ಸೇರಬೇಕು. (ಬಾಗೇಪಲ್ಲಿಯ ಕಡೆ ಕರ್ನಾಟಕದೊಳಗೆ ತೆಲುಗು ಮಾತು, ನಮ್ಮ ಕಡೆ ಆಂಧ್ರದೊಳಗೆ ಕನ್ನಡ ಮಾತು. ಗಡಿ ಎಳೆದವರಿಗೆ ನಾಲಿಗೆಯ ಲೆಕ್ಕ ಸರಿಹೋಗಲಿಲ್ಲ ಎಂದು ನಾವು ನಗುವುದುಂಟು.)

ಇಲ್ಲಿ 'ಒಳಗೊಂಡಿದೆ' ಎಂಬುದೇ ಕ್ರಮ. ಕೊಡಿಕೊಂಡ ಮಂಡಲದೊಳಗೆ, ಮಂಡಲ ಜಿಲ್ಲೆಯೊಳಗೆ, ಜಿಲ್ಲೆ ರಾಜ್ಯದೊಳಗೆ. ಆದರೆ ಕೊಡಿಕೊಂಡ ಮತ್ತು ಕಲ್ಯಾಣದುರ್ಗದ ನಡುವೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ಕೇಳಿದರೆ ಉತ್ತರವಿಲ್ಲ, ಒಂದು ಇನ್ನೊಂದರೊಳಗಿಲ್ಲ. ಇಂಥ ಜೋಡಿಗಳೂ ಇರುವ ಕ್ರಮಕ್ಕೆ ಗಣಿತದಲ್ಲಿ ಆಂಶಿಕ ಕ್ರಮ ಎನ್ನುತ್ತಾರೆ. ಎರಡಕ್ಕೂ ಮೇಲಿರುವವುಗಳಲ್ಲಿ ಎಲ್ಲಕ್ಕಿಂತ ಕೆಳಗಿನದಕ್ಕೆ 'ಜಾಯಿನ್' ಎಂದೂ, ಎರಡಕ್ಕೂ ಕೆಳಗಿರುವವುಗಳಲ್ಲಿ ಎಲ್ಲಕ್ಕಿಂತ ಮೇಲಿನದಕ್ಕೆ 'ಮೀಟ್' ಎಂದೂ ಇಂಗ್ಲಿಷಿನಲ್ಲಿ ಹೆಸರು. ನಾವು ಪಾಠದಲ್ಲಿ ಮೇಲಿನ ಕೂಡಲು, ಕೆಳಗಿನ ಕೂಡಲು ಎನ್ನುತ್ತೇವೆ. ಹೊಳೆಗಳು ಸೇರುವ ಜಾಗ ಕೂಡಲು ತಾನೇ? ಊರುಗಳ ಲೆಕ್ಕದಲ್ಲಿ ಮೇಲಿನ ಕೂಡಲು ಯಾವಾಗಲೂ ಸಿಗುತ್ತದೆ, ಕೆಳಗಿನದು ಸಿಗದು. ಏಕೆಂದರೆ ಕೊಡಿಕೊಂಡದೊಳಗೂ ಕಲ್ಯಾಣದುರ್ಗದೊಳಗೂ ಇರುವ ಜಾಗ ಯಾವುದೂ ಇಲ್ಲ. ಯಾವ ಜೋಡಿ ತೆಗೆದುಕೊಂಡರೂ ಎರಡು ಕೂಡಲೂ ಸಿಗುವ ಕ್ರಮಕ್ಕೆ 'ಲ್ಯಾಟಿಸ್' ಎಂದು ಹೆಸರು. ಚುಕ್ಕಿ ಇಟ್ಟು ಗೆರೆ ಎಳೆದು ಚಿತ್ರ ಬಿಡಿಸಿದರೆ ಅದು ಜಾಲಂಧ್ರದಂತೆ ಕಾಣುತ್ತದೆ. ಹೇಮಾವತಿಯ ದೊಡ್ಡೇಶ್ವರ ದೇವಾಲಯದ ಕಲ್ಲಿನ ಜಾಲಂಧ್ರಗಳನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ನಾವೂ ಇನ್ನು ಮುಂದೆ ಜಾಲಂಧ್ರ ಎಂದೇ ಬರೆಯುತ್ತೇವೆ.

ಈಗ ಸಂಖ್ಯೆಗಳಿಗೆ ಬರೋಣ. ಚಿಕ್ಕದು ದೊಡ್ಡದು ಎಂಬ ಕ್ರಮವನ್ನು ಸ್ವಲ್ಪ ಹೊತ್ತು ಮರೆತುಬಿಡಿ. 'ಇದು ಅದನ್ನು ಶೇಷವಿಲ್ಲದೆ ಭಾಗಿಸುತ್ತದೆ' ಎಂಬುದೇ ಕ್ರಮವಾಗಲಿ. ಭಾಗಿಸುವುದು ಕೆಳಗೆ, ಭಾಗವಾಗುವುದು ಮೇಲೆ. 6 ಕೆಳಗೆ, 12 ಮೇಲೆ. 12 ಮತ್ತು 18 ಒಂದನ್ನೊಂದು ಭಾಗಿಸುವುದಿಲ್ಲ, ಆದ್ದರಿಂದ ಅವು ಅಕ್ಕಪಕ್ಕ. ಎರಡಕ್ಕೂ ಮೇಲೆ 36, 72, 108 ಹೀಗೆ ಕೊನೆಯಿಲ್ಲದ ಸಾಲು. ಅದರಲ್ಲಿ ಎಲ್ಲಕ್ಕಿಂತ ಕೆಳಗಿನದು 36. ಎರಡಕ್ಕೂ ಕೆಳಗೆ 1, 2, 3, 6. ಅದರಲ್ಲಿ ಎಲ್ಲಕ್ಕಿಂತ ಮೇಲಿನದು 6. ಈಗ ಹೆಸರಿನ ಗಂಟು ಬಿಚ್ಚಿತು. ಲಘುತಮ ಎಂದರೆ ಮೇಲಿನವುಗಳಲ್ಲಿ ಲಘುತಮ, ಮಹತ್ತಮ ಎಂದರೆ ಕೆಳಗಿನವುಗಳಲ್ಲಿ ಮಹತ್ತಮ. ಮಾಳಿಗೆಯ ಮೇಲಿನ ಅತಿ ಗಿಡ್ಡ ಮನುಷ್ಯನ ತಲೆ ಅಂಗಳದಲ್ಲಿ ನಿಂತ ಅತಿ ಎತ್ತರದ ಮನುಷ್ಯನ ತಲೆಗಿಂತ ಮೇಲೇ ಇರುತ್ತದಲ್ಲ, ಹಾಗೆ.

ಇದನ್ನು ಭಾರತದಲ್ಲಿ ಯಾರು ಮೊದಲು ಬಳಸಿದರು ಎಂದು ಹುಡುಕಿದರೆ ರಾಷ್ಟ್ರಕೂಟರ ಕಾಲಕ್ಕೆ ಹೋಗಿ ಮುಟ್ಟುತ್ತೇವೆ.

ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅಮೋಘವರ್ಷ ನೃಪತುಂಗ ಸುಮಾರು 814ರಿಂದ 878ರವರೆಗೆ ಆಳಿದ ಅರಸು. ಕನ್ನಡದ ಮಟ್ಟಿಗೆ ಆತನ ಹೆಸರು ಬಂದೊಡನೆ ನೆನಪಾಗುವುದು ಕವಿರಾಜಮಾರ್ಗ. ಆದರೆ ಅದೇ ಆಶ್ರಯದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಎಂಬ ಜೈನ ವಿದ್ವಾಂಸ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದದ್ದು ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತು? ಆರ್ಯಭಟ, ಬ್ರಹ್ಮಗುಪ್ತ ಮೊದಲಾದವರು ಗಣಿತವನ್ನು ಖಗೋಳ ಗ್ರಂಥದ ಒಂದು ಅಧ್ಯಾಯವಾಗಿ ಬರೆದರೆ, ಮಹಾವೀರನದು ಗಣಿತಕ್ಕೇ ಮೀಸಲಾದ ಪುಸ್ತಕ, ಒಂಬತ್ತು ಅಧ್ಯಾಯಗಳದ್ದು. ಆರಂಭದಲ್ಲಿ ಅಮೋಘವರ್ಷನ ಸ್ತುತಿ ಇದೆ. ಅಡುಗೆ, ವೈದ್ಯ, ಸಂಗೀತ, ಮನೆ ಕಟ್ಟುವುದು, ಛಂದಸ್ಸು ಎಲ್ಲಕ್ಕೂ ಗಣಿತ ಬೇಕು ಎಂಬ ಮಾತೂ ಇದೆ. ಒಳಗೆ ಮಾವಿನಹಣ್ಣು, ಆನೆ, ನವಿಲು, ವ್ಯಾಪಾರ, ಬಡ್ಡಿ ಇವುಗಳ ಲೆಕ್ಕ. ಪಾಠಪುಸ್ತಕ ಎಂದರೆ ಹೀಗಿರಬೇಕು ಎನ್ನಿಸುತ್ತದೆ.

ಮೂರನೆಯ ಅಧ್ಯಾಯ ಭಿನ್ನರಾಶಿಗಳದ್ದು, ಅದರ ಹೆಸರು ಕಲಾಸವರ್ಣ. ಭಿನ್ನರಾಶಿಗಳನ್ನು ಕೂಡಿಸಬೇಕಾದರೆ ಛೇದಗಳು ಒಂದೇ ಆಗಬೇಕು. ಹಿಂದಿನ ಗಣಿತಜ್ಞರ ಸಾಮಾನ್ಯ ವಿಧಾನ ಎಂದರೆ ಒಂದರ ಛೇದದಿಂದ ಇನ್ನೊಂದನ್ನು ಗುಣಿಸುವುದು. ಸರಿಯಾದ ವಿಧಾನವೇ, ಆದರೆ ಸಂಖ್ಯೆಗಳು ಉಬ್ಬುತ್ತಾ ಹೋಗುತ್ತವೆ. ಮಹಾವೀರ ಇಲ್ಲಿ ಒಂದು ಹೊಸ ಶಬ್ದ ತರುತ್ತಾನೆ: ನಿರುದ್ಧ. ಛೇದಗಳ ಸಾಮಾನ್ಯ ಅಪವರ್ತನಗಳನ್ನೂ, ಅವುಗಳಿಂದ ಭಾಗಿಸಿ ಉಳಿದ ಲಬ್ಧಗಳನ್ನೂ ಒಟ್ಟಿಗೆ ಗುಣಿಸಿದರೆ ಬರುವುದೇ ನಿರುದ್ಧ. ಆ ನಿರುದ್ಧವನ್ನು ಒಂದೊಂದು ಛೇದದಿಂದ ಭಾಗಿಸಿ, ಬಂದ ಲಬ್ಧದಿಂದ ಅಂಶ ಮತ್ತು ಛೇದ ಎರಡನ್ನೂ ಗುಣಿಸಿದರೆ ಎಲ್ಲ ಛೇದಗಳೂ ಸಮವಾಗುತ್ತವೆ. ಇಂದು ನಾವು ಕರಿಹಲಗೆಯ ಮೇಲೆ ಮಾಡಿಸುವ ಭಾಗಾಕಾರ ಕ್ರಮ ಇದೇ ತಾನೇ! ಭಾರತೀಯ ಗಣಿತಜ್ಞರಲ್ಲಿ ಲ.ಸಾ.ಅ.ದ ಮಾತೆತ್ತಿದ ಮೊದಲಿಗ ಮಹಾವೀರ ಎಂದು ಬಿ. ದತ್ತ ಮತ್ತು ಎ.ಎನ್. ಸಿಂಗ್ ತಮ್ಮ ಹಿಂದೂ ಗಣಿತದ ಚರಿತ್ರೆಯಲ್ಲಿ (1935) ದಾಖಲಿಸಿದ್ದಾರೆ.

ಒಂದು ಲೆಕ್ಕ ಮಾಡಿ ನೋಡೋಣ. 12ರಲ್ಲಿ ಒಂದು ಭಾಗ, 45ರಲ್ಲಿ ಒಂದು ಭಾಗ, 50ರಲ್ಲಿ ಒಂದು ಭಾಗ ಕೂಡಿಸಬೇಕು. ಛೇದಗಳನ್ನು ಸುಮ್ಮನೆ ಗುಣಿಸಿದರೆ 27000. ಮಹಾವೀರನ ದಾರಿ ಹಿಡಿಯಿರಿ. 2ರಿಂದ ಭಾಗಿಸಿದರೆ 12 ಮತ್ತು 50 ಒಪ್ಪುತ್ತವೆ, ಸಾಲು 6, 45, 25 ಆಗುತ್ತದೆ. 3ರಿಂದ ಭಾಗಿಸಿದರೆ 2, 15, 25. 5ರಿಂದ ಭಾಗಿಸಿದರೆ 2, 3, 5. ಇನ್ನು ಸಾಮಾನ್ಯವಾದದ್ದು ಇಲ್ಲ. ಅಪವರ್ತನಗಳು 2, 3, 5, ಅವುಗಳ ಗುಣಲಬ್ಧ 30. ಉಳಿದ ಲಬ್ಧಗಳೂ 2, 3, 5, ಅವುಗಳ ಗುಣಲಬ್ಧವೂ 30. ನಿರುದ್ಧ 900. ಲಬ್ಧಗಳು 75, 20, 18, ಮೊತ್ತ 900ರಲ್ಲಿ 113 ಭಾಗ. 27000ದ ಜಾಗದಲ್ಲಿ 900! ಹಲಗೆಯ ಮೇಲೆ ಧೂಳು ಹರಡಿ ಅದರಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ ಈ ಉಳಿತಾಯ ಸಣ್ಣದಲ್ಲ. ಈ 12, 45, 50 ಎಂಬ ಮೂರು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತವೆ.

ಹೆಮ್ಮೆಯ ಭರದಲ್ಲಿ ಸುಳ್ಳು ಹೇಳಬಾರದು. ಪ್ರಪಂಚದಲ್ಲೇ ಮೊದಲು ಎಂದೇನೂ ಅಲ್ಲ. ಗ್ರೀಕರ ಯೂಕ್ಲಿಡ್ ಕ್ರಿಸ್ತಪೂರ್ವ 300ರ ಸುಮಾರಿಗೇ ತನ್ನ ಏಳನೆಯ ಪುಸ್ತಕದಲ್ಲಿ ಮ.ಸಾ.ಅ. ಮತ್ತು ಲ.ಸಾ.ಅ. ಎರಡನ್ನೂ ಹೇಳಿದ್ದಾನೆ. ನಮ್ಮಲ್ಲೂ ಕ್ರಿ.ಶ. 499ರ ಆರ್ಯಭಟನ ಕುಟ್ಟಕ ವಿಧಾನದಲ್ಲಿ ಮ.ಸಾ.ಅ. ಕಂಡುಹಿಡಿಯುವ ಭಾಗಾಕಾರದ ಸರಣಿ ಅಡಗಿದೆ. ಮಹಾವೀರನೂ ಎಲ್ಲ ಕಡೆ ಸರಿಯಿಲ್ಲ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೆಯೇ ಉಳಿಯುತ್ತದೆ ಎಂದು ಬರೆದುಬಿಟ್ಟಿದ್ದಾನೆ. ತಮಾಷೆ ಎಂದರೆ, ಭಾಗಿಸುವಿಕೆಯ ಜಾಲಂಧ್ರದಲ್ಲಿ ಆ ಸೊನ್ನೆಗೇ ಎಲ್ಲಕ್ಕಿಂತ ಮೇಲಿನ ಸ್ಥಾನ. ಪ್ರತಿ ಸಂಖ್ಯೆಯ ಸೊನ್ನೆಪಟ್ಟು ಸೊನ್ನೆ ತಾನೇ? ಹಾಗಾಗಿ ಎಲ್ಲವೂ ಅದರ ಕೆಳಗೆ. ತಳದಲ್ಲಿ 1, ತುದಿಯಲ್ಲಿ 0!

ಮಹಾವೀರನ ಪುಸ್ತಕ ಮಳಖೇಡದಲ್ಲೇ ಉಳಿಯಲಿಲ್ಲ ಎಂಬುದು ಗಡಿನಾಡಿನವರಾದ ನಮಗೆ ಮುಖ್ಯ. ಪಾವುಲೂರಿ ಮಲ್ಲನ ಅದನ್ನು ಸಾರಸಂಗ್ರಹ ಗಣಿತಮು ಎಂದು ತೆಲುಗಿಗೆ ತಂದನು. ಆತನನ್ನು ಸಾಮಾನ್ಯವಾಗಿ 11ನೇ ಶತಮಾನದವನು ಎನ್ನುತ್ತಾರೆ. ತೆಲುಗಿನ ಹಳೆಯ ಶಾಸ್ತ್ರಗ್ರಂಥಗಳಲ್ಲಿ ಅದಕ್ಕೆ ಮೊದಲ ಸಾಲಿನ ಸ್ಥಾನ. ಕನ್ನಡದಲ್ಲಿ 12ನೇ ಶತಮಾನದ ರಾಜಾದಿತ್ಯ ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದವನ್ನು ಬರೆದನು. ಅಂದರೆ ಕನ್ನಡ ಅರಸನ ಆಶ್ರಯದಲ್ಲಿ ಸಂಸ್ಕೃತದಲ್ಲಿ ಹುಟ್ಟಿದ ಲೆಕ್ಕ ತೆಲುಗಿಗೆ ಹೋಯಿತು, ಯಾವ ಚೆಕ್‌ಪೋಸ್ಟೂ ತಡೆಯಲಿಲ್ಲ. ಲ.ಸಾ.ಅ. ನಮ್ಮದು, ಕ.ಸಾ.ಗು. ಅವರದು ಎಂದು ಮಕ್ಕಳು ಬೇರೆ ಮಾಡಿ ನೋಡುವಾಗ ನಾವು ಈ ಮಲ್ಲನನ ಕಥೆ ಹೇಳುತ್ತೇವೆ. ಹತ್ತನೆಯ ತರಗತಿ ಮುಗಿಸಿ ಇಂಟರ್‌ಮೀಡಿಯೆಟ್‌ಗೆ ತೆಲುಗೋ ಇಂಗ್ಲಿಷೋ ಮಾಧ್ಯಮಕ್ಕೆ ಹೋಗಲೇಬೇಕಾದ ನಮ್ಮ ಮಕ್ಕಳು ಮೊದಲ ಆರು ತಿಂಗಳು ಪಡುವ ಪಾಡು ನಿಮಗೆಲ್ಲ ಗೊತ್ತು. ಗೊತ್ತಿರುವ ಲೆಕ್ಕವೇ ಹೆಸರು ಬದಲಾಯಿಸಿಕೊಂಡು ಬಂದಾಗ ಗೊತ್ತಿಲ್ಲ ಎಂದು ಸುಮ್ಮನೆ ಕೂತುಬಿಡುತ್ತಾರೆ. ಹೆಸರಿನ ಕೆಳಗಿರುವ ಕ್ರಮವನ್ನು ಹಿಡಿದ ಮಗು ಹಾಗೆ ಕೂರುವುದಿಲ್ಲ ಎಂಬುದು ನಮ್ಮ ಅನುಭವ.

ಗಣಿತಸಾರಸಂಗ್ರಹ ಅಚ್ಚಾದದ್ದು 1912ರಲ್ಲಿ, ಮದ್ರಾಸಿನಲ್ಲಿ. ಎಂ. ರಂಗಾಚಾರ್ಯರು ಓಲೆಗರಿಗಳನ್ನು ಹೋಲಿಸಿ, ಇಂಗ್ಲಿಷ್ ಅನುವಾದದೊಂದಿಗೆ ಸಿದ್ಧಪಡಿಸಿದರು. ಅವರು ಬಳಸಿದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಆಗ ನಮ್ಮ ಅನಂತಪುರವೂ ಮದ್ರಾಸ್ ಪ್ರಾಂತ್ಯಕ್ಕೇ ಸೇರಿತ್ತು.

ಈಗ ಸಾವಿರ ವರ್ಷ ದಾಟಿ ಯುರೋಪಿಗೆ ಹೋಗಬೇಕು. ಏಕೆಂದರೆ ನಿರುದ್ಧವು ಲೆಕ್ಕ ಸುಲಭ ಮಾಡುವ ಉಪಾಯವಾಗಿಯೇ ಉಳಿಯಿತು. ಅದರ ಹಿಂದೆ ಒಂದು ಕ್ರಮವಿದೆ, ಆ ಕ್ರಮ ಬೇರೆ ಕಡೆಗಳಲ್ಲೂ ಇದೆ ಎಂದು ಕಂಡವರು ಬಹಳ ತಡವಾಗಿ ಬಂದರು.

ಇಂಗ್ಲೆಂಡಿನ ಜಾರ್ಜ್ ಬೂಲ್ 1847 ಮತ್ತು 1854ರಲ್ಲಿ ತರ್ಕವನ್ನೇ ಬೀಜಗಣಿತದಂತೆ ಬರೆದನು. ಅದೇ ದಾರಿಯಲ್ಲಿ ಬಂದದ್ದು ನಾವು ಗಣಗಳ ಪಾಠದಲ್ಲಿ ಹೇಳುವ ಸಂಯೋಗ ಮತ್ತು ಛೇದನ. ಎರಡು ಗಣಗಳನ್ನೂ ಒಳಗೊಂಡ ಅತಿ ಚಿಕ್ಕ ಗಣ ಸಂಯೋಗ, ಎರಡರೊಳಗೂ ಇರುವ ಅತಿ ದೊಡ್ಡ ಗಣ ಛೇದನ. ಮತ್ತೆ ಅದೇ ಕೂಡಲುಗಳು! ಆಮೇಲೆ ಅಮೆರಿಕದ ಚಾರ್ಲ್ಸ್ ಪರ್ಸ್ 1880ರಲ್ಲಿ, ಇಂಥ ಕೂಡಲುಗಳಿರುವ ಎಲ್ಲ ಕಡೆಯೂ ವಿಭಾಜಕ ನಿಯಮ ತಾನಾಗಿಯೇ ಬರುತ್ತದೆ, ಸಾಧನೆ ಬರೆಯುವುದು ಬೇಸರದ ಕೆಲಸ ಎಂದು ಬಿಟ್ಟುಬಿಟ್ಟನು. ಬೇಸರವಾದರೂ ಬರೆಯಬೇಕಿತ್ತು. ಜರ್ಮನಿಯ ಅರ್ನ್ಸ್ಟ್ ಶ್ರೋಡರ್ 1890ರ ತನ್ನ ಗ್ರಂಥದಲ್ಲಿ ಅದು ತಾನಾಗಿ ಬರುವುದಿಲ್ಲ ಎಂದು ತೋರಿಸಿದನು. 'ಹಂತ ಬಿಡದೆ ಬರೆಯಿರಿ' ಎಂದು ನಾವು ಮಕ್ಕಳಿಗೆ ಹೇಳುವಾಗ ಪರ್ಸ್‌ನ ಹೆಸರು ಉಪಯೋಗಕ್ಕೆ ಬರುತ್ತದೆ.

ಸಂಖ್ಯೆಗಳಲ್ಲಿ ಈ ನಿಯಮ ನಡೆಯುತ್ತದೆ. 8 ಮತ್ತು 18ರ ಲ.ಸಾ.ಅ. 72, ಅದಕ್ಕೂ 12ಕ್ಕೂ ಮ.ಸಾ.ಅ. 12. ಬೇರೆ ದಾರಿಯಲ್ಲಿ ಹೋದರೆ 12 ಮತ್ತು 8ರ ಮ.ಸಾ.ಅ. 4, 12 ಮತ್ತು 18ರದು 6, ಈ 4 ಮತ್ತು 6ರ ಲ.ಸಾ.ಅ. ಮತ್ತೆ 12. ಆದರೆ ಕರಿಹಲಗೆಯ ಮೇಲೆ ಒಂದು ಬಿಂದುವಿನ ಮೂಲಕ ಮೂರು ಗೆರೆ ಎಳೆಯಿರಿ. ಎರಡು ಗೆರೆಗಳಿಗೆ ಕೆಳಗಿನ ಕೂಡಲು ಆ ಬಿಂದು, ಮೇಲಿನ ಕೂಡಲು ಅವೆರಡೂ ಇರುವ ಇಡೀ ಸಮತಲ. ಎರಡನೆಯ ಮತ್ತು ಮೂರನೆಯ ಗೆರೆಗಳು ಮೇಲೆ ಕೂಡಿದರೆ ಸಮತಲ, ಅದರೊಡನೆ ಮೊದಲನೆಯ ಗೆರೆಯ ಕೆಳಗಿನ ಕೂಡಲು ಆ ಗೆರೆಯೇ. ಬೇರೆ ದಾರಿಯಲ್ಲಿ ಹೋದರೆ ಬರೀ ಬಿಂದು ಸಿಗುತ್ತದೆ. ಗೆರೆ ಮತ್ತು ಬಿಂದು ಒಂದೇ ಅಲ್ಲವಲ್ಲ! 1936ರಲ್ಲಿ ಬರ್ಕಾಫ್ ಮತ್ತು ಫಾನ್ ನಾಯ್ಮನ್ ಕ್ವಾಂಟಮ್ ಭೌತಶಾಸ್ತ್ರದ ತರ್ಕ ಇಂಥದೇ ಎಂದು ವಾದಿಸಿದರು. ಅದರ ಒಳಹೊಕ್ಕು ಬರೆದರೆ ಬೇರೆಯೇ ಲೇಖನವಾದೀತು.

ಈ ಕಥೆಯಲ್ಲಿ ನಮಗೆ ಹೆಚ್ಚು ಪ್ರೀತಿಯವರು ರಿಚರ್ಡ್ ಡೆಡೆಕಿಂಡ್ (1831-1916). ಗೌಸ್‌ನ ಶಿಷ್ಯರು, ಹುಟ್ಟೂರು ಬ್ರೌನ್‌ಶ್ವೈಗ್‌ನಲ್ಲೇ ದಶಕಗಳ ಕಾಲ ಪಾಠ ಹೇಳಿದವರು. 1897ರಲ್ಲಿ ಅವರು ಬರೆದ ಲೇಖನದ ವಿಷಯ ಸಂಖ್ಯೆಗಳನ್ನು ಅವುಗಳ ಮಹತ್ತಮ ಸಾಮಾನ್ಯ ಅಪವರ್ತನಗಳ ಮೂಲಕ ಬಿಡಿಸುವುದು. ಕೊಟ್ಟ ಕೆಲವು ಸಂಖ್ಯೆಗಳಿಂದ ಲ.ಸಾ.ಅ., ಮ.ಸಾ.ಅ. ಎರಡನ್ನೂ ಮತ್ತೆ ಮತ್ತೆ ತೆಗೆಯುತ್ತಾ ಹೋದರೆ ಏನಾಗುತ್ತದೆ? ನಮ್ಮ ಏಳನೇ ತರಗತಿಯ ಹುಡುಗಿಯೂ ಕೇಳಬಹುದಾದ ಪ್ರಶ್ನೆ! ಈ ಎರಡು ಕ್ರಿಯೆಗಳ ನಿಯಮಗಳನ್ನು ಬೇರೆಯಾಗಿ ಎತ್ತಿಟ್ಟು, ಅವು ನಡೆಯುವ ಯಾವುದೇ ರಚನೆಗೆ ಡೆಡೆಕಿಂಡ್ 'ಡುಯಾಲ್‌ಗ್ರುಪ್ಪೆ' ಎಂದು ಹೆಸರಿಟ್ಟರು, ಅಂದರೆ ಇಬ್ಬಗೆಯ ಸಮೂಹ. 1900ರಲ್ಲಿ ಇನ್ನೊಂದು ಲೇಖನ ಬರೆದರು. ಆದರೆ ಆಗ ಹೆಚ್ಚು ಜನ ಗಮನಿಸಲಿಲ್ಲ. 1933ರಲ್ಲಿ ಅಮೆರಿಕದ ಯುವಕ ಗ್ಯಾರೆಟ್ ಬರ್ಕಾಫ್ ಡೆಡೆಕಿಂಡರ ಕೆಲಸದ ಪರಿಚಯವಿಲ್ಲದೆಯೇ ಅದೇ ರಚನೆಗೆ 'ಲ್ಯಾಟಿಸ್' ಎಂದು ಹೆಸರು ಕೊಟ್ಟರು. ಇದು ಡೆಡೆಕಿಂಡರದ್ದೇ ಎಂದು ಗುರುತಿಸಿದವರು ನಾರ್ವೆ ಮೂಲದ ಓಯ್‌ಸ್ಟೀನ್ ಓರ್. 1940ರಲ್ಲಿ ಬರ್ಕಾಫ್‌ರ 'ಲ್ಯಾಟಿಸ್ ಥಿಯರಿ' ಪುಸ್ತಕ ಬಂದ ಮೇಲೆ ಇದು ಗಣಿತದ ಒಂದು ಶಾಖೆಯೇ ಆಯಿತು. ನಮ್ಮ ರಾಜ್ಯದ ಪಾಲೂ ಇದೆ. ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದ ಯು.ಎಂ. ಸ್ವಾಮಿ ಮತ್ತು ಜಿ.ಸಿ. ರಾವ್ 1981ರಲ್ಲಿ 'ಬಹುಮಟ್ಟಿಗೆ ವಿಭಾಜಕ'ವಾದ ಜಾಲಂಧ್ರಗಳೆಂಬ ಹೊಸ ಬಗೆಯನ್ನು ಪ್ರಕಟಿಸಿದರು. ಅದನ್ನು ಹಿಡಿದು ಬೇರೆಯವರೂ ಕೆಲಸ ಮುಂದುವರಿಸಿದ್ದಾರೆ.

ಈಗ ಆ ಮೂರು ಸಂಖ್ಯೆಗಳು: 12, 45, 50. ಜೋಡಿ ಜೋಡಿಯಾಗಿ ಮ.ಸಾ.ಅ. ತೆಗೆದರೆ 3, 2, 5. ಲ.ಸಾ.ಅ. ತೆಗೆದರೆ 180, 300, 450. ಮೂರಕ್ಕೂ ಸೇರಿ ಮ.ಸಾ.ಅ. 1, ಲ.ಸಾ.ಅ. ನಿರುದ್ಧವಾದ 900. ಬಂದವುಗಳನ್ನೇ ಮತ್ತೆ ಜೋಡಿಸಿ. 2 ಮತ್ತು 3ರ ಲ.ಸಾ.ಅ. 6, 2 ಮತ್ತು 5ರದು 10, 3 ಮತ್ತು 5ರದು 15. 180 ಮತ್ತು 300ರ ಮ.ಸಾ.ಅ. 60, 180 ಮತ್ತು 450ರದು 90, 300 ಮತ್ತು 450ರದು 150. ಚಿಕ್ಕವು ಮೂರರ ಲ.ಸಾ.ಅ. 30, ದೊಡ್ಡವು ಮೂರರ ಮ.ಸಾ.ಅ.ವೂ 30! ಕೆಳಗಿನಿಂದ ಹತ್ತಿದರೂ ಮೇಲಿನಿಂದ ಇಳಿದರೂ ನಡುವೆ ಒಂದೇ ಕಡೆ ಸೇರುತ್ತೇವೆ. ಎಣಿಸಿ: 1, 2, 3, 5, 6, 10, 12, 15, 30, 45, 50, 60, 90, 150, 180, 300, 450, 900. ಒಟ್ಟು 18. ಇನ್ನು ಎಷ್ಟು ಹೊತ್ತು ಕೂತು ಮಾಡಿದರೂ ಹತ್ತೊಂಬತ್ತನೆಯದು ಬರುವುದಿಲ್ಲ. 900ನ್ನು 4 ಭಾಗಿಸುತ್ತದೆ, 36 ಭಾಗಿಸುತ್ತದೆ, ಆದರೆ ಅವು ಈ ಆಟದಲ್ಲಿ ಸಿಗುವುದಿಲ್ಲ. ಮೂರು ಸಂಖ್ಯೆ ಯಾವುದೇ ಇರಲಿ, 18ಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ. ಈ 18ನ್ನೂ ಒಂದು ಹಾಳೆಯ ಮೇಲೆ ಚುಕ್ಕಿ ಇಟ್ಟು, ಭಾಗಿಸುವ ಜೋಡಿಗಳಿಗೆ ಕೆಳಗಿನಿಂದ ಮೇಲಕ್ಕೆ ಗೆರೆ ಎಳೆಯಲು ಮಕ್ಕಳಿಗೆ ಕೊಟ್ಟು ನೋಡಿ. ರಂಗೋಲಿ ಹಾಕುವ ಕೈಗಳು ಬೇಗ ಮುಗಿಸುತ್ತವೆ.

ಎರಡು ಸಂಖ್ಯೆಗಳಿಂದ ಹೆಚ್ಚೆಂದರೆ 4, ಮೂರರಿಂದ 18, ನಾಲ್ಕರಿಂದ 166. ಇಲ್ಲಿಯವರೆಗೆ ಡೆಡೆಕಿಂಡ್ 1897ರಲ್ಲೇ ಹೇಳಿದ್ದರು. ಇವಕ್ಕೆ ಎರಡೆರಡು ಸೇರಿಸಿದ 6, 20, 168 ಮೊದಲಾದವನ್ನು ಇಂದು ಡೆಡೆಕಿಂಡ್ ಸಂಖ್ಯೆಗಳು ಎನ್ನುತ್ತಾರೆ. ಐದಕ್ಕೆ ಉತ್ತರ 7581, ಅದು ಸಿಕ್ಕಿದ್ದು 1940ರಲ್ಲಿ. ಎಂಟಕ್ಕೆ ಸಿಕ್ಕಿದ್ದು 1991ರಲ್ಲಿ, 23 ಅಂಕಿಗಳದ್ದು. ಒಂಬತ್ತಕ್ಕೆ ಇನ್ನೂ 32 ವರ್ಷ ಕಾಯಬೇಕಾಯಿತು. 2023ರಲ್ಲಿ ಎರಡು ಕಡೆ ಬೇರೆ ಬೇರೆಯಾಗಿ ದೊಡ್ಡ ಗಣಕಯಂತ್ರಗಳಿಂದ ಲೆಕ್ಕ ಹಾಕಿದರು. ಬಂದ ಸಂಖ್ಯೆಯಲ್ಲಿ 42 ಅಂಕಿಗಳಿದ್ದವು. ಎರಡೂ ಕಡೆಯ ಉತ್ತರ ತಾಳೆಯಾಯಿತು.

ನಮ್ಮ ಶಾಲೆಗಳಿಗೆ ನಾಲ್ಕೇ ಸಾಕು. 166 ಬೇರೆ ಬೇರೆ ಸಂಖ್ಯೆಗಳನ್ನು ಕೊಡುವ ನಾಲ್ಕು ಸಂಖ್ಯೆಗಳನ್ನು ಹುಡುಕಬೇಕು. ಮೂರು ಸಂಖ್ಯೆಗಳಿಗೆ 2, 3, 5 ಎಂಬ ಮೂರು ಅವಿಭಾಜ್ಯಗಳು ಸಾಕಾದವು. ನಾಲ್ಕಕ್ಕೆ ಕಡಿಮೆಯೆಂದರೂ ಆರು ಅವಿಭಾಜ್ಯಗಳು ಬೇಕು, ಅಂದರೆ 2, 3, 5, 7, 11, 13. ಬೇಸಿಗೆ ರಜೆಯ ಮನೆಗೆಲಸಕ್ಕೆ ಇದನ್ನೇ ಬರೆಸಿದ್ದೇವೆ.